ಮೂವತ್ತಾರು ವರ್ಷ ಮೇಯರ್

ಕೇಳುಗರಿಗೆ ನಮಸ್ಕಾರ.

ಚುನಾವಣೆ ಬಂದರೂ ಅಬ್ಬರದ ಪ್ರಚಾರವಿಲ್ಲ. ದೇಣಿಗೆ ಕೊಡಲು ಬಂದವರಿಗೆ, ಆ ಹಣವನ್ನು ಯಾವುದಾದರೂ ಸೇವಾಸಂಸ್ಥೆಗೆ ಕೊಡಿ ಎಂಬ ಉತ್ತರ. ಆದರೂ ಗೆಲುವು ಅವರದೇ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊ ಮಗ್ಗುಲಿಗಿರುವ ಮಿಸ್ಸಿಸಾಗಾ ನಗರಕ್ಕೆ ಸತತ ಹನ್ನೆರಡು ಅವಧಿ ಮೇಯರ್ ಆಗಿದ್ದ ಹೇಜಲ್ ಮೆಕ್ಯಾಲಿಯನ್ ಅವರ ಕಥೆ ಇದು. ನಮ್ಮ ಮಹಾನಗರ ಪಾಲಿಕೆಗಳಲ್ಲಿ ಮೇಯರನ್ನು ಸದಸ್ಯರು ಆರಿಸುತ್ತಾರೆ. ಅಲ್ಲಿ ಜನರೇ ನೇರವಾಗಿ ಮತ ಹಾಕುತ್ತಾರೆ ಎಂಬುದು ನೆನಪಿರಲಿ.

ಹುಟ್ಟಿದ್ದು 1921ರ ಫೆಬ್ರವರಿ 14ರಂದು, ಕ್ವಿಬೆಕ್ ಪ್ರಾಂತ್ಯದ ಗ್ಯಾಸ್ಪೆ ಕರಾವಳಿಯ ಪೋರ್ಟ್ ಡೇನಿಯಲ್‌ನಲ್ಲಿ. ತಂದೆಯದು ಮೀನಿನ ವ್ಯಾಪಾರ. ಹುಡುಗಿ ಮಾಂಟ್ರಿಯಲ್‌ಗೆ ಬಂದು ಕೆಲಸಕ್ಕೆ ಸೇರಿದಳು. ಜೊತೆಗೆ ಪಂದ್ಯಕ್ಕೆ ಐದು ಡಾಲರ್ ಪಡೆದು ಮಹಿಳೆಯರ ಐಸ್ ಹಾಕಿ ಆಡಿದಳು. ಮಂಜಿನ ಮೇಲೆ ಡಿಕ್ಕಿ ಹೊಡೆದೂ ಹೊಡೆಸಿಕೊಂಡೂ ಬೆಳೆದವರಿಗೆ ನಗರಸಭೆಯ ಜಗಳ ಯಾವ ಲೆಕ್ಕ! ಮದುವೆಯ ನಂತರ ಸ್ಟ್ರೀಟ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಎಂಜಿನಿಯರಿಂಗ್ ಕಂಪನಿಯನ್ನು ಬಿಟ್ಟು ರಾಜಕೀಯಕ್ಕಿಳಿದರು. ಆ ಊರಿನ ಮೇಯರೂ ಆದರು. 1974ರಲ್ಲಿ ಸರ್ಕಾರ ಸ್ಟ್ರೀಟ್ಸ್‌ವಿಲ್ ಅನ್ನು ಮಿಸ್ಸಿಸಾಗಾದಲ್ಲಿ ವಿಲೀನಗೊಳಿಸಿತು. ಅದನ್ನು ಬಲವಾಗಿ ವಿರೋಧಿಸಿದ್ದ ಅದೇ ಹೆಂಗಸು, ನಾಲ್ಕೇ ವರ್ಷಗಳಲ್ಲಿ, 1978ರ ನವೆಂಬರ್‌ನಲ್ಲಿ, ತಮ್ಮ ಊರನ್ನು ನುಂಗಿದ ನಗರಕ್ಕೇ ಮೇಯರ್ ಆದರು. ಆಗ ವಯಸ್ಸು 57.

ವರ್ಷ ತುಂಬುವಷ್ಟರಲ್ಲಿ ಪರೀಕ್ಷೆ ಬಂತು. 1979ರ ನವೆಂಬರ್ 10, ಶನಿವಾರ, ನಡುರಾತ್ರಿಗೆ ಕೆಲವೇ ನಿಮಿಷ ಬಾಕಿ. ನೂರಾರು ಗಾಲಿಗಳ ಗೂಡ್ಸ್ ರೈಲೊಂದು ನಗರದೊಳಗೆ ಹಾದುಹೋಗುತ್ತಿತ್ತು. ಒಂದು ಬೋಗಿಯ ಬೇರಿಂಗ್ ಕಾದು ಕೆಂಪಾಗಿ ಅಚ್ಚು ಕಳಚಿ, ರೈಲು ಹಳಿ ತಪ್ಪಿತು. ಪ್ರೊಪೇನ್ ತುಂಬಿದ ಟ್ಯಾಂಕರುಗಳು ಸಿಡಿದವು. ಅವುಗಳ ನಡುವೆ ಕ್ಲೋರಿನ್ ತುಂಬಿದ ಒಂದು ಟ್ಯಾಂಕರು, ಅದರಲ್ಲಿ ತೂತು. ಗಾಳಿ ಎತ್ತ ಬೀಸಿದರೆ ಅತ್ತ ಸಾವು. ಪೊಲೀಸರು, ಅಗ್ನಿಶಾಮಕ ದಳ, ಪ್ರಾಂತ್ಯ ಸರ್ಕಾರ ಎಲ್ಲರೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಗಳಿಂದ ಹೊರಡಿಸಿದರು. ಆಸ್ಪತ್ರೆಗಳನ್ನೂ ಖಾಲಿ ಮಾಡಿಸಿದರು. ಒಬ್ಬರೂ ಸಾಯಲಿಲ್ಲ. ಓಡಾಟದಲ್ಲಿ ಮೇಯರಮ್ಮನ ಪಾದ ಉಳುಕಿತು. ಕುಂಟುತ್ತಲೇ ಪತ್ರಿಕಾಗೋಷ್ಠಿಗಳಿಗೆ ಬಂದರು. ಕೆಲಸ ಮಾಡಿದವರು ನೂರಾರು ಮಂದಿ, ಜನರ ಕಣ್ಣಿಗೆ ಬಿದ್ದದ್ದು ಆ ಕುಂಟುವ ಹೆಂಗಸು. ರಾಜಕೀಯದಲ್ಲಿ ಇದು ಅನ್ಯಾಯವೂ ಹೌದು, ಅನಿವಾರ್ಯವೂ ಹೌದು. 1954ರಲ್ಲಿ ಟೊರಾಂಟೊವನ್ನು ನಡುಗಿಸಿದ ಚಂಡಮಾರುತದ ಹೆಸರೂ ಹೇಜಲ್ ಆಗಿತ್ತು. ‘ಹರಿಕೇನ್ ಹೇಜಲ್’ ಎಂಬ ಅಡ್ಡಹೆಸರು ಇವರಿಗೆ ಖಾಯಮ್ಮಾಯಿತು.

ಮಿಸ್ಸಿಸಾಗಾ ಸಾಲವಿಲ್ಲದ ನಗರ ಎಂದು ಅವರು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು. ನಿಜವೇ. ಆದರೆ ಆ ಲೆಕ್ಕದ ಒಳಗುಟ್ಟು ಸರಳ. ಹೊಲಗಳು ಬಡಾವಣೆಗಳಾಗುತ್ತಿದ್ದ ಕಾಲವದು. ಮನೆ ಕಟ್ಟುವ ಕಂಪನಿಗಳಿಂದ ರಸ್ತೆ, ಚರಂಡಿ, ಗ್ರಂಥಾಲಯಗಳಿಗೆಂದು ಶುಲ್ಕ ವಸೂಲಿಯಾಗುತ್ತಿತ್ತು. ಖಜಾನೆ ತುಂಬುತ್ತಿತ್ತು, ಮನೆ ತೆರಿಗೆ ಕಡಿಮೆ ಇರುತ್ತಿತ್ತು. ಜನಸಂಖ್ಯೆ ಏಳು ಲಕ್ಷ ದಾಟಿತು. ಭಾರತ, ಪಾಕಿಸ್ತಾನಗಳಿಂದ ಹೋದವರೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸಿದರು, ಅವರಲ್ಲಿ ಕನ್ನಡಿಗರೂ ಇದ್ದಾರೆ. ಕೊನೆಗೆ ಖಾಲಿ ಜಮೀನು ಮುಗಿಯಿತು. ಬೆಳವಣಿಗೆಯ ದುಡ್ಡಿನಿಂದ ನಡೆದ ಸಂಸಾರಕ್ಕೆ ಬೆಳವಣಿಗೆ ನಿಧಾನವಾದೊಡನೆ ತೆರಿಗೆಯನ್ನೂ ಏರಿಸಬೇಕಾಯಿತು, ಸಾಲವನ್ನೂ ನೆನೆಯಬೇಕಾಯಿತು. ಕಾರಿಲ್ಲದೆ ಹಾಲು ತರಲೂ ಕಷ್ಟವಾಗುವಂತೆ ಬಡಾವಣೆಗಳು ಹರಡಿಕೊಂಡಿದ್ದವು. ಈಗ ಅಲ್ಲಿನ ಹುರೊಂಟಾರಿಯೊ ರಸ್ತೆಯುದ್ದಕ್ಕೂ ರೂಪುಗೊಂಡ ಲಘು ರೈಲು ಮಾರ್ಗಕ್ಕೆ ಇವರದೇ ಹೆಸರಿಟ್ಟಿರುವುದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ.

ಇನ್ನೊಂದು ಕಲೆಯನ್ನೂ ಮುಚ್ಚಿಡಬಾರದು. 1982ರಲ್ಲೇ ಒಬ್ಬ ನ್ಯಾಯಾಧೀಶರು ಇವರು ಹಿತಾಸಕ್ತಿ ಸಂಘರ್ಷದ ಕಾನೂನನ್ನು, ಅಂದರೆ ಸ್ವಂತ ಲಾಭವಿರುವ ವಿಷಯದಲ್ಲಿ ಅಧಿಕಾರ ಬಳಸಬಾರದೆಂಬ ನಿಯಮವನ್ನು, ಮೀರಿದ್ದಾರೆ ಎಂದಿದ್ದರು. ಪ್ರಾಮಾಣಿಕ ತಪ್ಪೆಂದು ಹುದ್ದೆ ಉಳಿಯಿತು. ಆಮೇಲೆ, ನಗರದ ನಡುವೆ ಹೋಟೆಲ್ ಕಟ್ಟಲು ಹೊರಟಿದ್ದ ಕಂಪನಿಯಲ್ಲಿ ಮಗನ ಪಾಲಿದ್ದರೂ ಇವರು ಆ ಯೋಜನೆಗಾಗಿ ಓಡಾಡಿದರು ಎಂಬ ವಿಷಯ ನ್ಯಾಯಾಂಗ ವಿಚಾರಣೆಗೆ ಬಂತು. 2011ರ ವರದಿ, ಸಂಘರ್ಷ ಇದ್ದದ್ದು ನಿಜ ಎಂದಿತು. ಅದೇ ವಿಷಯದ ಮೊಕದ್ದಮೆಯನ್ನು 2013ರಲ್ಲಿ ನ್ಯಾಯಾಲಯ ವಜಾ ಮಾಡಿತು. ವಿಚಾರಣೆ ನಡೆಯುತ್ತಿದ್ದಾಗಲೇ, 2010ರ ಚುನಾವಣೆಯಲ್ಲಿ, ಮತದಾರರು ಮುಕ್ಕಾಲು ಪಾಲಿಗೂ ಹೆಚ್ಚು ಮತ ಕೊಟ್ಟಿದ್ದರು. ಜನರ ಮತ ಸಿಕ್ಕಿದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ ಎಂದೇ ನನ್ನ ಅಭಿಪ್ರಾಯ.

2014ರಲ್ಲಿ, 93ರ ವಯಸ್ಸಿನಲ್ಲಿ, ಕುರ್ಚಿ ಬಿಟ್ಟರು. ಮನೆಯಲ್ಲಿ ಕೂರಲಿಲ್ಲ. ಶೆರಿಡನ್ ಕಾಲೇಜಿನ ಮೊದಲ ಕುಲಾಧಿಪತಿಯಾದರು, ಟೊರಾಂಟೊ ವಿಮಾನ ನಿಲ್ದಾಣವನ್ನು ನಡೆಸುವ ಮಂಡಳಿಯ ಸದಸ್ಯೆಯಾದರು. 2022ರಲ್ಲಿ, ನೂರೊಂದು ತುಂಬಿದ್ದ ಅವರನ್ನು ಕೇಂದ್ರ ಸರ್ಕಾರ ಅದೇ ಮಂಡಳಿಗೆ ಇನ್ನೂ ಮೂರು ವರ್ಷಕ್ಕೆ ನೇಮಿಸಿತು, ಅವರೂ ಒಪ್ಪಿಕೊಂಡರು. ಆ ಅವಧಿ ಮುಗಿಸಲಾಗಲಿಲ್ಲ. 2023ರ ಜನವರಿ 29ರಂದು ತೀರಿಕೊಂಡರು.