ಓಸಾ-1 ಕಿಟ್ ಬಿಚ್ಚಿ ಕಾರವಾರದ ಚಪಲ್ ಮಾಡಿದ್ದು

ಡಬ್ಬ ತೆರೆಯುವುದು, ಒಡಲಿನ ಹೋಳು ಅಂಟಿಸುವುದು ಎಲ್ಲ ವಿಡಿಯೋದಲ್ಲಿ ನಿಮಗೇ ಕಾಣುತ್ತಿದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇದು ಸೋವಿಯತ್ ಓಸಾ-1 ಕ್ಷಿಪಣಿ ದೋಣಿಯ ಪ್ಲಾಸ್ಟಿಕ್ ಮಾದರಿ, 1:72 ಅಳತೆ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು. ನಿಜವಾದದ್ದು 38 ಮೀಟರ್ ದಾಟುತ್ತದೆ, ಹಾಗಾಗಿ ಇದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಎಲ್ಲಿ ಇಡುತ್ತೀರಾ ಅಂತ ಕೇಳಬೇಡಿ. ಆ ಪ್ರಶ್ನೆ ಮನೆಯಲ್ಲೇ ದಿನಾ ಬರುತ್ತಿದೆ.

ಆದರೆ ನನಗೆ ಬೇಕಾಗಿರುವುದು ಇದಲ್ಲ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮ್ಯೂಸಿಯಂ ಆಗಿ ದಡ ಏರಿ ಕೂತಿರುವ ನಮ್ಮ ನೌಕಾಪಡೆಯ ಹಳೇ ದೋಣಿ, ಐಎನ್‌ಎಸ್ ಚಪಲ್. ಅದು ಓಸಾ-1ರ ನಂತರದ ಮಾದರಿ, ಓಸಾ-2. ಚಪಲ್ ಅಂದರೆ ಚುರುಕು ಅಂತೆ. ನಮ್ಮಲ್ಲಿ ಚಪಲ ಅಂದರೆ ಬೇರೆ, ಅದು ನನಗೇ ಸರಿಹೊಂದುತ್ತದೆ.

ದೂರದಿಂದ ಎರಡೂ ಒಂದೇ ಥರ. ಓಸಾ-1ರಲ್ಲಿ ಕ್ಷಿಪಣಿಗಳು ನಾಲ್ಕು ಪೆಟ್ಟಿಗೆಯಂಥ ಗೂಡುಗಳಲ್ಲಿ ಇರುತ್ತಿದ್ದವು. ಆಮೇಲಿನ ಕ್ಷಿಪಣಿಗೆ ರೆಕ್ಕೆ ಮಡಚಲು ಬಂತು, ಅದಕ್ಕೇ ಓಸಾ-2ಕ್ಕೆ ಉರುಟು ಕೊಳವೆ ಸಾಕಾಯಿತು. ಪೆಟ್ಟಿಗೆ ಬಿಡು, ಪೈಪ್ ಇಡು. ಸುಲಭ ಅಲ್ವಾ?

ಸುಲಭ ಅಂತೆ! ಕಾರವಾರದಲ್ಲಿ ತೆಗೆದ ಫೋಟೋ ಇಟ್ಟುಕೊಂಡು ಅಳೆದೆ. ಎಲ್ಲದರಲ್ಲೂ ಯಾರದ್ದಾದರೂ ಸೆಲ್ಫಿ ಅಡ್ಡ. ಅಂದಾಜಿಗೆ 25 ಎಂಎಂ ಪೈಪ್ ಸರಿ ಅನಿಸಿತು, ವೈರಿಂಗಿಗೆ ಹಾಕುತ್ತಾರಲ್ಲ, ಅದೇ. ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಎಷ್ಟು ಪಾಯಿಂಟ್ ಸಾರ್ ಅಂದರು. ಪಾಯಿಂಟ್ ಇಲ್ಲ, ಒಂದು ಅರ್ಧ ಮೀಟರ್ ಕೊಡಿ ಅಂದೆ. ಕತ್ತರಿಸಿ ಕೊಡಲ್ಲ, ತಗೊಂಡರೆ ಪೂರ್ತಿ 3 ಮೀಟರ್. ಅರ್ಧ ಮೀಟರಿನಲ್ಲಿ ಏನು ಮಾಡುತ್ತೀರಾ ಅಂತ ಬೇರೆ. ಯುದ್ಧನೌಕೆ ಅಂದೆ. ಅವರು ಮುಂದಿನ ಗಿರಾಕಿ ಕಡೆ ತಿರುಗಿದರು. 3 ಮೀಟರ್ ಪೈಪನ್ನು ಸ್ಕೂಟರಿನಲ್ಲಿ ತರುವುದು ಹೇಗಿತ್ತು ಅಂದರೆ, ಹಿಂದಿನ ಆಟೋದವನು ಹಾರ್ನ್ ಕೂಡ ಮಾಡಲಿಲ್ಲ, ದೂರವೇ ಉಳಿದ. ಮಿಕ್ಕ ಎರಡೂವರೆ ಮೀಟರಿನಲ್ಲಿ ಈಗ ಅಮ್ಮ ಬಟ್ಟೆ ಒಣಹಾಕುತ್ತಿದ್ದಾರೆ. ಮನೆಯವರಿಗೆ ಇಷ್ಟವಾದ ಭಾಗ ಅದೊಂದೇ.

ಅಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ಅಂಟಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಾಲ್ಕೂ ಕೊಳವೆ ಮೇಜಿನ ಕೆಳಗೆ. ಮಾಡೆಲ್ ಅಂಟು ಕಿಟ್‌ನ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ಪೈಪಿನ ಪಿವಿಸಿಗೆ ಅದು ನೀರಿದ್ದ ಹಾಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಮರಳು ಕಾಗದದಲ್ಲಿ ಉಜ್ಜಿ ಫೆವಿಕ್ವಿಕ್ ಹಾಕಿದೆ, ಕೂತಿತು. ನನ್ನ ಬೆರಳೂ ಕೂತಿತು.

ಕೊಳವೆ ಮೇಲಿನ ಏಣುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದೇನೆ. ಇದು ಪ್ಲಾಸ್ಟಿಕ್ ಪಟ್ಟಿಗಿಂತ ಎಷ್ಟೋ ಚೆನ್ನ. ಇಲ್ಲ, ತಪ್ಪು, ಪಟ್ಟಿಯೇ ಚೆನ್ನಾಗಿರುತ್ತಿತ್ತು. ಇರಲಿ.

ಇದನ್ನು ನೋಡಿ ಅಪ್ಪನಿಗೆ ಸಿಟ್ಟು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ ನಿಪಾತ್, ನಿರ್ಘಾತ್, ವೀರ್ ಮೂರೂ ಪೆಟ್ಟಿಗೆಯ ಓಸಾ-1. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. "ಯುದ್ಧ ಮಾಡಿದ ದೋಣಿ ಕೆಡಿಸಿ ಮಾಡದ ದೋಣಿ ಮಾಡ್ತೀಯಲ್ಲೋ" ಅಂತ. ಮಾತು ಸರಿಯೇ. ಆದರೆ ಅಪ್ಪಾ, ನಾನು ಒಳಗೆ ಇಳಿದು ತಲೆ ಚಚ್ಚಿಕೊಂಡಿರುವುದು ಚಪಲ್‌ನಲ್ಲಿ ಮಾತ್ರ. ಪೆಟ್ಟಿಗೆಗಳನ್ನು ಬಿಸಾಡಿಲ್ಲ, ಅಪ್ಪನೇ ಬೆಂಕಿಪೊಟ್ಟಣದ ಪಕ್ಕ ಎತ್ತಿಟ್ಟಿದ್ದಾರೆ.

ಅಯ್ಯೋ, ಬಣ್ಣ ಒಣಗಿತು, ಶಾಟ್ ಮುಗಿಯುತ್ತಿದೆ. ಹಿಂದಿನ ಜೋಡಿ ಕೊಳವೆ ಸ್ವಲ್ಪ ಎತ್ತರಕ್ಕೆ ನೋಡಬೇಕು, ಇಲ್ಲದಿದ್ದರೆ ಅದರ ಕ್ಷಿಪಣಿ ಮುಂದಿನದಕ್ಕೆ ಹೊಡೆಯುತ್ತದೆ. ಪಕ್ಕದಲ್ಲಿ ಚಪಲ್‌ನ ನಂಬರ್ ಕೆ 94 ಕೈಯಲ್ಲೇ ಬರೆದೆ. 9 ಸ್ವಲ್ಪ ಸೊಟ್ಟ. ಕ್ಯಾಮೆರಾ ಆ ಕಡೆಯಿಂದ ಇಟ್ಟಿಲ್ಲ.