57 ವರ್ಗಾವಣೆ: ಶಿಕ್ಷೆ ಯಾರಿಗೆ?

ನಮಸ್ಕಾರ. ಸರ್ಕಾರಿ ಕಚೇರಿಗೆ ಹೋದಾಗ ಸಾಹೇಬರ ಕುರ್ಚಿಯ ಹಿಂದಿನ ಗೋಡೆ ನೋಡಿದ್ದೀರಾ? ಅಲ್ಲೊಂದು ಮರದ ಬೋರ್ಡ್ ಇರುತ್ತದೆ. ಆ ಹುದ್ದೆಯಲ್ಲಿ ಇದ್ದು ಹೋದವರ ಹೆಸರು, ಬಂದ ದಿನ, ಹೋದ ದಿನ. ನಮ್ಮ ಜಮೀನಿನ ಕೆಲಸಕ್ಕೆ ಅಲೆಯುತ್ತಿದ್ದಾಗ ಒಂದು ಕಚೇರಿಯಲ್ಲಿ ಕೂತು ನಾನು ಆ ಬೋರ್ಡನ್ನು ಪೂರ್ತಿ ಓದಿದ್ದೇನೆ. ಮೇಲಿನ ಸಾಲುಗಳಲ್ಲಿ ಮೂರು ವರ್ಷ, ನಾಲ್ಕು ವರ್ಷ. ಕೆಳಗೆ ಬರುತ್ತಾ ಹತ್ತು ತಿಂಗಳು, ಆರು ತಿಂಗಳು. ಕೊನೆಕೊನೆಗೆ ಜಾಗ ಸಾಲದೆ ಅಕ್ಷರಗಳೇ ಚಿಕ್ಕದಾಗಿದ್ದವು.

ಆ ಬೋರ್ಡ್ ನೆನೆದಾಗಲೆಲ್ಲ ನನಗೆ ಅಶೋಕ್ ಖೇಮ್ಕಾ ನೆನಪಾಗುತ್ತಾರೆ. ಹರಿಯಾಣದ 1991ರ ಬ್ಯಾಚಿನ ಐಎಎಸ್ ಅಧಿಕಾರಿ. ಖರಗ್‌ಪುರ ಐಐಟಿಯಲ್ಲಿ ಓದಿ, ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಿದವರು. 2025ರ ಏಪ್ರಿಲ್ 30ರಂದು ನಿವೃತ್ತರಾದರು. ಸುಮಾರು 34 ವರ್ಷದ ಸರ್ವೀಸ್, 57 ವರ್ಗಾವಣೆ. ಲೆಕ್ಕ ಹಾಕಿ, ಒಂದು ಕುರ್ಚಿಗೆ ಸರಾಸರಿ ಏಳು ತಿಂಗಳು. ಇಲಾಖೆಯ ಒಳಗು ಹೊರಗು ತಿಳಿಯುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು.

2012ರಲ್ಲಿ ಅವರು ಗುರುಗ್ರಾಮದ ಒಂದು ಜಮೀನಿನ ಖಾತೆ ಬದಲಾವಣೆ ರದ್ದು ಮಾಡಿದರು. ಸೋನಿಯಾ ಗಾಂಧಿಯವರ ಅಳಿಯ ರಾಬರ್ಟ್ ವಾದ್ರಾ ಅವರ ಕಂಪನಿ, ಡಿಎಲ್ಎಫ್ ಎಂಬ ರಿಯಲ್ ಎಸ್ಟೇಟ್ ಕಂಪನಿಗೆ ಮಾರಿದ್ದ ಜಮೀನು ಅದು. ಅಷ್ಟರಲ್ಲಾಗಲೇ ವರ್ಗಾವಣೆ ಆದೇಶ ಬಂದಿತ್ತು, ಹೋಗಿದ್ದು ಬೀಜ ನಿಗಮಕ್ಕೆ. ಆಗ ಕಾಂಗ್ರೆಸ್ ಸರ್ಕಾರ. 2014ರಲ್ಲಿ ಬಿಜೆಪಿ ಬಂತು, ಅವರು ಸಾರಿಗೆ ಆಯುಕ್ತರಾದರು, ಅಳತೆ ಮೀರಿದ ದೊಡ್ಡ ಲಾರಿಗಳ ಮೇಲೆ ನಿಯಮ ಬಿಗಿ ಮಾಡಿದರು, ಲಾರಿಯವರು ಮುಷ್ಕರ ಹೂಡಿದರು, ಐದು ತಿಂಗಳೂ ತುಂಬುವ ಮೊದಲೇ ಮತ್ತೆ ಎತ್ತಂಗಡಿ. ಈ ಸಲ ಪುರಾತತ್ವ ಇಲಾಖೆಗೆ. ಪಕ್ಷ ಯಾವುದಾದರೇನು, ಅಲ್ವಾ?

ನನಗೆ ತುಂಬಾ ಬೇಜಾರಾಗಿದ್ದು 2023ರ ಅವರ ಪತ್ರ ಓದಿ. ಆಗ ಹಳೆಯ ದಾಖಲೆಗಳನ್ನು ಕಾಪಿಡುವ ಪತ್ರಾಗಾರ ಇಲಾಖೆಯಲ್ಲಿದ್ದರು. ಮುಖ್ಯಮಂತ್ರಿಗೆ ಬರೆದರು: ಇಲಾಖೆಯ ಬಜೆಟ್ಟೇ 4 ಕೋಟಿ, ನನ್ನ ಸಂಬಳ ವರ್ಷಕ್ಕೆ 40 ಲಕ್ಷ, ಇಲ್ಲಿ ಸಾಕಷ್ಟು ಕೆಲಸವಿಲ್ಲ, ಭ್ರಷ್ಟಾಚಾರ ತಡೆಯುವ ವಿಜಿಲೆನ್ಸ್ ಕೆಲಸ ಕೊಡಿ ಅಂತ. ಕೆಲಸ ಕೊಡಿ ಅಂತ ಒಬ್ಬ ಹಿರಿಯ ಅಧಿಕಾರಿ ಕೇಳಿಕೊಳ್ಳಬೇಕಾಯಿತು!

ಎತ್ತಂಗಡಿ ಅಂದರೆ ಅಧಿಕಾರಿಗೆ ಶಿಕ್ಷೆ ಅಂತ ನಾವೆಲ್ಲ ಮಾತಾಡುತ್ತೇವೆ. ಅವರಿಗೆ ನೋವಿಲ್ಲ ಅಂತಲ್ಲ, ಮಕ್ಕಳ ಸ್ಕೂಲು, ಮನೆ ಎಲ್ಲ ಇದೆ. ಆದರೆ ಸಂಬಳ ನಿಲ್ಲುವುದಿಲ್ಲ. ನಿಲ್ಲುವುದು ನಮ್ಮ ಫೈಲು. ನಮ್ಮ ಕೆಲಸ ಮುಗಿಯುವುದರೊಳಗೆ ಮೂವರು ಸಾಹೇಬರು ಬದಲಾದರು. ಪ್ರತಿ ಸಲವೂ ಅದೇ ಪಹಣಿ, ಅದೇ ಜೆರಾಕ್ಸ್, "ಹೊಸ ಸಾಹೇಬ್ರು ಮೊದಲಿಂದ ನೋಡ್ತಾರೆ ಸರ್" ಅನ್ನುವ ಅದೇ ಮಾತು.

ಇದಕ್ಕೆ ನಿಯಮ ಇಲ್ಲ ಅಂದುಕೊಳ್ಳಬೇಡಿ. ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರು ಹೋರಾಡಿ 2013ರಲ್ಲಿ ಸುಪ್ರೀಂ ಕೋರ್ಟಿನಿಂದ ತೀರ್ಪು ತಂದರು. 2014ರಲ್ಲಿ ಐಎಎಸ್ ನಿಯಮಕ್ಕೆ ತಿದ್ದುಪಡಿಯೂ ಆಯಿತು: ಒಂದು ಹುದ್ದೆಯಲ್ಲಿ ಕನಿಷ್ಠ ಎರಡು ವರ್ಷ. ಅದಕ್ಕೂ ಮುಂಚೆ ಎತ್ತಬೇಕಾದರೆ ನಾಗರಿಕ ಸೇವಾ ಮಂಡಳಿ, ಅಂದರೆ ಮುಖ್ಯ ಕಾರ್ಯದರ್ಶಿ ನೇತೃತ್ವದ ಹಿರಿಯ ಅಧಿಕಾರಿಗಳ ಸಮಿತಿ, ಶಿಫಾರಸು ಮಾಡಬೇಕು. ಆದರೆ ಮಂಡಳಿಯ ಮಾತನ್ನು ಸರ್ಕಾರ ಕಾರಣ ಬರೆದಿಟ್ಟು ತಳ್ಳಿಹಾಕಬಹುದು. ಆ ಕಾರಣ ಫೈಲಿನಲ್ಲೇ ಉಳಿಯುತ್ತದೆ. ನನ್ನ ಬೇಡಿಕೆ ಇಷ್ಟೇ: ವರ್ಗಾವಣೆ ಆದೇಶದ ಜೊತೆಗೇ ಆ ಕಾರಣವನ್ನೂ ವೆಬ್‌ಸೈಟಿಗೆ ಹಾಕಿ. ಎರಡೇ ಸಾಲಿದ್ದರೂ ಸಾಕು.

ಮುಂದಿನ ಸಲ ನಿಮ್ಮ ತಾಲ್ಲೂಕು ಕಚೇರಿಗೋ ಡಿಸಿ ಆಫೀಸಿಗೋ ಹೋದಾಗ ಆ ಬೋರ್ಡ್ ಓದಿ. ಕೊನೆಯ ಐದು ಜನ ಎಷ್ಟೆಷ್ಟು ತಿಂಗಳು ಇದ್ದರು ಅಂತ ಲೆಕ್ಕ ಹಾಕಿ, ಕಾಮೆಂಟಿನಲ್ಲಿ ಬರೆಯಿರಿ. ನಾನು ಒಂದೊಂದನ್ನೂ ಓದುತ್ತೇನೆ.