ಗ್ಯಾಸ್ ತುಂಬಿಸುವ ಮುನ್ನ ಅರ್ಧ ಗಂಟೆ

ಕೇಳುಗರಿಗೆಲ್ಲ ನಮಸ್ಕಾರ. ಕಾರಿನ ಏಸಿ ರಿಪೇರಿಯಾಗಿ ಮನೆಗೆ ಬಂದಿದೆ, ಬಿಲ್ಲು ಪಾವತಿಯಾಗಿದೆ, ಆದರೂ ತಂಪು ನಿಲ್ಲುತ್ತಿಲ್ಲ. ಉಡುಪಿ, ಮಂಗಳೂರುಗಳಲ್ಲಿ 27 ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನ್ನ ಬಳಿಗೆ ಈ ದೂರು ಹೊತ್ತು ಬರುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಗ್ಯಾಸ್ ತುಂಬಿಸುವ ಮುನ್ನ, ಏಸಿ ಪೈಪಿನೊಳಗಿನ ಗಾಳಿಯನ್ನು ಹೊರಗೆಳೆಯುವ ವ್ಯಾಕ್ಯೂಮ್ ಪಂಪನ್ನು ಎಷ್ಟು ಹೊತ್ತು ಓಡಿಸಿದ್ದರು?

ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಬದಲಾಯಿಸಲಿ, ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಬದಲಾಯಿಸಲಿ, ಪೈಪು ಬಿಚ್ಚಿದೊಡನೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ನಮ್ಮ ಕರಾವಳಿಯ ಗಾಳಿ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಬೆಳಗಾಗುವಷ್ಟರಲ್ಲಿ ಉಪ್ಪು ನೀರೊಡೆದಿರುತ್ತದೆ, ಹುರಿದಿಟ್ಟ ಹಲಸಿನ ಹಪ್ಪಳ ಮೆತ್ತಗಾಗಿರುತ್ತದೆ. ಕಂಪ್ರೆಸರಿನ ಎಣ್ಣೆಯೂ ಅದೇ ರೀತಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವವನ್ನು ತೆಗೆಯುವ ದಾರಿ ಪಂಪು. ಹೊರಗೆ 760 ಮಿಲಿಮೀಟರ್ ಪಾದರಸದಷ್ಟು ಇರುವ ಗಾಳಿಯ ಒತ್ತಡವನ್ನು ಪೈಪಿನೊಳಗೆ 32 ಮಿಲಿಮೀಟರಿಗೆ ಇಳಿಸಿದರೆ, ನೀರು 30 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಐದು ನಿಮಿಷದಲ್ಲಿ ಗಾಳಿ ಹೋಗಬಹುದು, ನೀರು ಹೋಗುವುದಿಲ್ಲ. ಆದ್ದರಿಂದಲೇ ಅರ್ಧ ಗಂಟೆ ಎನ್ನುತ್ತೇನೆ.

ಕೆಲವು ವರ್ಷಗಳ ಹಿಂದೆ ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ವಾರಕ್ಕೊಮ್ಮೆ ಮಂಗಳೂರಿನ ಮಗಳ ಮನೆಗೆ ಕಾರಿನಲ್ಲಿ ಹೋಗುವವರು. ಮಳೆಗಾಲದಲ್ಲಿ ಕಂಡೆನ್ಸರ್ ತೂತಾಗಿ ಒಂದು ಗ್ಯಾರೇಜಿನಲ್ಲಿ ಹೊಸದನ್ನು ಹಾಕಿಸಿದ್ದರು. "ಕಟಪಾಡಿ ದಾಟುವವರೆಗೆ ಒಳ್ಳೆಯ ತಂಪು ಮಾರಾಯ್ರೆ, ಕಾಪು ಬರುವಾಗ ಬಿಸಿಗಾಳಿ. ಪಡುಬಿದ್ರಿಯಲ್ಲಿ ಚಾ ಕುಡಿದು ಹೊರಟರೆ ಪುನಃ ತಂಪು, ಮೂಲ್ಕಿಗೆ ಪುನಃ ಬಿಸಿ" ಎಂದರು. ಅಷ್ಟರಲ್ಲಿ ಗ್ಯಾಸ್ ಕಡಿಮೆಯಾಗಿದೆಯೆಂದು ಎರಡು ಬಾರಿ ತುಂಬಿಸಿದ್ದಾಗಿತ್ತು. ಗ್ಯಾಸ್ ಕಡಿಮೆಯಾಗಿದ್ದರೆ ಚಾ ಕುಡಿದ ಮಾತ್ರಕ್ಕೆ ಅದು ಹೆಚ್ಚಾಗುವುದೆಲ್ಲಿಂದ? ಈ ಸರಳ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ನಾನು ಒತ್ತಡ ತೋರಿಸುವ ಗೇಜ್ ಜೋಡಿಸಿ ಇಂಜಿನ್ ಚಾಲೂ ಇಟ್ಟು ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಕಡಿಮೆ ಒತ್ತಡದ ಬದಿಯ ನೀಲಿ ಗೇಜಿನ ಮುಳ್ಳು ಮೊದಲು ಚದರ ಇಂಚಿಗೆ 30 ಪೌಂಡಿನ ಆಸುಪಾಸಿನಲ್ಲಿತ್ತು. ಸುಮಾರು ಇಪ್ಪತ್ತು ನಿಮಿಷವಾದ ಮೇಲೆ ಅದು ನಿಧಾನವಾಗಿ ಇಳಿಯತೊಡಗಿ, ಸೊನ್ನೆಯನ್ನೂ ದಾಟಿ ಕೆಳಗೆ ಹೋಯಿತು. ಒಳಗೆ ಗಾಳಿಯ ರಭಸ ಮೊದಲಿನಂತೆಯೇ ಇತ್ತು, ತಂಪು ಮಾತ್ರ ಇರಲಿಲ್ಲ. ಆಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೊಂದನ್ನು, ಗ್ಯಾಸ್ ಒಮ್ಮೆಲೇ ಹಿಗ್ಗಿ ತಣ್ಣಗಾಗುವ ಎಕ್ಸ್‌ಪ್ಯಾನ್ಷನ್ ವಾಲ್ವಿಗೆ ಸುತ್ತಿದೆ. ಒಂದೆರಡು ನಿಮಿಷದಲ್ಲಿ ಮುಳ್ಳು ತಾನಾಗಿ ಮೇಲೇರಿತು, ತಂಪು ಮರಳಿತು. ಆ ವಾಲ್ವಿನ ರಂಧ್ರ ಬಹಳ ಕಿರಿದು; ಪೈಪಿನಲ್ಲಿ ಉಳಿದಿದ್ದ ಒಂದೆರಡು ಹನಿ ನೀರು ಅಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತಿತ್ತು, ಕಾರು ನಿಂತಾಗ ಕರಗುತ್ತಿತ್ತು. ಪಡುಬಿದ್ರಿಯ ಚಾ ಮಾಡುತ್ತಿದ್ದ ರಿಪೇರಿ ಅದೇ.

ಗ್ಯಾಸನ್ನು ಯಂತ್ರಕ್ಕೆ ಹಿಂದೆಗೆದುಕೊಂಡು, ಪೈಪಿನ ತೇವ ಹೀರಲೆಂದೇ ಇರುವ, ಆದರೆ ತೇವ ಕುಡಿದು ಸೋತಿದ್ದ ಡ್ರೈಯರನ್ನು ಬದಲಾಯಿಸಿ, ಪಂಪನ್ನು ಮುಕ್ಕಾಲು ಗಂಟೆ ಓಡಿಸಿದೆ. ಬಳಿಕ ಪಂಪು ನಿಲ್ಲಿಸಿ, ವಾಲ್ವುಗಳನ್ನು ಮುಚ್ಚಿ, ಕಾಲು ಗಂಟೆ ಮುಳ್ಳನ್ನೇ ನೋಡುತ್ತ ನಿಂತೆವು, ಅದು ಅಲುಗಲಿಲ್ಲ. ಅಲುಗಿ ಮೇಲೆ ಬಂದಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಇನ್ನೂ ನೀರಿದೆ ಎಂದರ್ಥ, ಆಗ ಗ್ಯಾಸ್ ತುಂಬಿಸಲೇಬಾರದು. ಆಮೇಲೆ ಆ ಕಾರು ಏಸಿಗಾಗಿ ನನ್ನಲ್ಲಿಗೆ ಬಂದಿಲ್ಲ. ಸಾಲಿನಲ್ಲಿ ನಾಲ್ಕು ಕಾರು ಕಾಯುತ್ತಿರುವಾಗ ಅಷ್ಟು ಹೊತ್ತು ಎಲ್ಲಿಂದ ತರುವುದು ಎಂದು ಕೇಳುವ ಮೆಕ್ಯಾನಿಕ್ ಮಿತ್ರರಿಗೆ ನಾನು ಹೇಳುವುದಿಷ್ಟೇ: ಪಂಪು ತನ್ನಷ್ಟಕ್ಕೆ ಓಡುತ್ತದೆ, ನೀವು ಬೇರೆ ಕೆಲಸ ಮಾಡಿಕೊಳ್ಳಿ, ಆದರೆ ಅರ್ಧ ಗಂಟೆಗೆ ಮುಂಚೆ ಅದನ್ನು ನಿಲ್ಲಿಸಬೇಡಿ.

ಸಮಯ ಸರಿಯುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಗ್ಯಾಸನ್ನು ಅಂದಾಜಿನಲ್ಲಿ ತುಂಬಿಸಬಾರದು, ತೂಕ ಮಾಡಿ ತುಂಬಿಸಬೇಕು. ಎಷ್ಟು ಗ್ರಾಂ, ಯಾವ ಗ್ಯಾಸ್ ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಅಡಿಯ ಚೀಟಿಯಲ್ಲೇ ಇರುತ್ತದೆ. ಹೆಚ್ಚಾದರೂ ತಂಪು ಕೆಡುತ್ತದೆ. ಹೆದ್ದಾರಿಯಲ್ಲಿ ತಂಪಾಗಿದ್ದು ಮಂಗಳೂರಿನ ಹಂಪನಕಟ್ಟೆಯ ವಾಹನದಟ್ಟಣೆಯಲ್ಲಿ ಬಿಸಿಯಾದರೆ ಕಂಡೆನ್ಸರಿನ ಮುಂದೆ ಗಾಳಿ ಸಾಲುತ್ತಿಲ್ಲ; ಮೊದಲು ಫ್ಯಾನ್ ತಿರುಗುತ್ತಿದೆಯೇ ನೋಡಿಸಿ. ಏಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ಶುದ್ಧ ನೀರು ತೊಟ್ಟಿಕ್ಕುವುದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಅದು ಕ್ಯಾಬಿನ್ನಿನ ಗಾಳಿಯಲ್ಲಿದ್ದ ತೇವ ಕೂಲಿಂಗ್ ಕಾಯಿಲಿನ ಮೇಲೆ ಹನಿಗಟ್ಟಿ ಇಳಿದದ್ದು, ಅದಕ್ಕಾಗಿ ಗ್ಯಾರೇಜಿಗೆ ಹೋಗಬೇಕಾಗಿಲ್ಲ. ನಮಸ್ಕಾರ.